ಮನೋಗತಿ ಚಿಕಿತ್ಸೆಯ ಉನ್ನತ ಶಿಕ್ಷಣವೂ ಮಲೆನಾಡಿನ ಮಾತೂ

ಮನೋರೋಗಗಳ ಚಿಕಿತ್ಸೆಯಲ್ಲಿ ಔಷಧಕ್ಕಿರುವ ಸ್ಥಾನವನ್ನು ಇಂದು ಯಾರೂ ಅಲ್ಲಗಳೆಯುವುದಿಲ್ಲ. ಮಾತಿಗಿರುವ ಸ್ಥಾನವಾದರೋ ಇನ್ನೂ ಚರ್ಚೆಯ ವಿಷಯವಾಗಿಯೇ ಉಳಿದಿದೆ. ಚಿಕಿತ್ಸಕನೂ ರೋಗಿಯೂ ನಿಯತವಾದ ಕಾಲದಲ್ಲಿ ಎದುರುಬದುರಾಗಿ ಕುಳಿತು, ಆಡಿದ ಮಾತಿನಿಂದಲೂ ಆಡದೆ ನುಂಗಿಕೊಂಡ ಮಾತಿನಿಂದಲೂ ವೇದನೆಯ ಮೂಲವನ್ನು ಅರಸುವ ಕ್ರಮಗಳು ಹಲವಿವೆ. ಅವುಗಳಲ್ಲಿ ಫ್ರಾಯ್ಡನ ಮನೋವಿಶ್ಲೇಷಣೆಯಿಂದ ಹುಟ್ಟಿ, ಅದಕ್ಕಿಂತ ಕಡಮೆ ಕಾಲವನ್ನೂ ಕಡಮೆ ವೆಚ್ಚವನ್ನೂ ಬೇಡುವ ರೂಪಕ್ಕೆ ಬಂದು ನಿಂತಿರುವುದು ಸೈಕೋಡೈನಾಮಿಕ್ ಸೈಕೋಥೆರಪಿ. ಇದಕ್ಕೆ ಈ ಲೇಖನದಲ್ಲಿ ‘ಮನೋಗತಿ ಚಿಕಿತ್ಸೆ’ ಎಂಬ ಪದವನ್ನು ಬಳಸಿದೆ. ಗತಿಯೆಂದರೆ ಚಲನೆ. ಮನಸ್ಸಿನಲ್ಲಿ ಪರಸ್ಪರ ವಿರುದ್ಧವಾದ ಪ್ರೇರಣೆಗಳು ಒಂದನ್ನೊಂದು ತಳ್ಳುತ್ತ, ತಡೆಯುತ್ತ, ಮರೆಸುತ್ತ ನಡೆಯುತ್ತಿರುತ್ತವೆ. ಈ ತಳ್ಳಾಟದ ಬಹುಭಾಗ ವ್ಯಕ್ತಿಯ ಅರಿವಿಗೆ ಬಾರದು. ರೋಗಲಕ್ಷಣವು ಅದರ ಫಲ ಎಂಬುದು ಈ ಪಂಥದ ಮೂಲ ಪ್ರತಿಜ್ಞೆ.

ಪ್ರಕೃತ ಲೇಖನವು ಚಿಕಿತ್ಸೆಯ ತತ್ತ್ವವನ್ನು ಕುರಿತದ್ದಲ್ಲ, ಅದರ ಶಿಕ್ಷಣವನ್ನು ಕುರಿತದ್ದು. ಮನೋವೈದ್ಯರು, ಚಿಕಿತ್ಸಾ ಮನಶ್ಶಾಸ್ತ್ರಜ್ಞರು, ಮನೋವೈದ್ಯಕೀಯ ಸಮಾಜಕಾರ್ಯಕರ್ತರು ತಮ್ಮ ತಮ್ಮ ಪದವಿಗಳನ್ನು ಪಡೆದಮೇಲೂ ಈ ಚಿಕಿತ್ಸೆಗೆ ಪ್ರತ್ಯೇಕವಾದ ಉನ್ನತ ಶಿಕ್ಷಣ ಏಕೆ ಬೇಕು, ಅದು ಯಾವ ಬಗೆಯದು, ಕನ್ನಡ ನಾಡಿನಲ್ಲಿ, ವಿಶೇಷವಾಗಿ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಮಲೆನಾಡಿನಲ್ಲಿ, ಅದಕ್ಕೆ ಎದುರಾಗುವ ತೊಡಕು ಯಾವುದು ಎಂಬುದನ್ನು ವಿವೇಚಿಸುವುದು ಇಲ್ಲಿಯ ಉದ್ದೇಶ. ತೊಡಕುಗಳಲ್ಲಿ ಹಣ, ದೂರ, ಗುರುಗಳ ಅಭಾವ ಎಲ್ಲವೂ ಇವೆ. ಇವೆಲ್ಲಕ್ಕಿಂತ ಆಳವಾದ ತೊಡಕು ಭಾಷೆಯದು ಎಂಬುದು ನಮ್ಮ ಅಭಿಪ್ರಾಯ.

ಈ ಶಿಕ್ಷಣದ ಸ್ವರೂಪವು ನಿಶ್ಚಿತವಾದದ್ದು ಬರ್ಲಿನ್ನಿನಲ್ಲಿ. 1920ರಲ್ಲಿ ಅಲ್ಲಿ ಮಾಕ್ಸ್ ಐಟಿಂಗನ್ ಮೊದಲಾದವರು ಸ್ಥಾಪಿಸಿದ ಚಿಕಿತ್ಸಾಲಯ ಕ್ರಮೇಣ ಶಿಕ್ಷಣಸಂಸ್ಥೆಯಾಯಿತು. ಶಿಕ್ಷಣಕ್ಕೆ ಮೂರು ಅಂಗಗಳಿರಬೇಕೆಂಬ ನಿಯಮವೂ ಅಲ್ಲಿಯೇ ನೆಲೆಗೊಂಡಿತು. ಮೊದಲನೆಯದು ಶಾಸ್ತ್ರಾಧ್ಯಯನ. ಎರಡನೆಯದು ಶಿಕ್ಷಣಾರ್ಥಿಯು ತಾನೇ ರೋಗಿಯ ಸ್ಥಾನದಲ್ಲಿ ಕುಳಿತು ತನ್ನ ಮನಸ್ಸನ್ನು ಪರೀಕ್ಷೆಗೆ ಒಡ್ಡಿಕೊಳ್ಳುವುದು. ಮೂರನೆಯದು ಅನುಭವಿಯಾದ ಹಿರಿಯರ ಮೇಲ್ವಿಚಾರಣೆಯಲ್ಲಿ ರೋಗಿಗಳಿಗೆ ಚಿಕಿತ್ಸೆ ನೀಡುವುದು. ಒಂದು ಶತಮಾನ ಕಳೆದರೂ ಈ ತ್ರಿಪುಟಿ ಅಳಿದಿಲ್ಲ. ಮನೋವಿಶ್ಲೇಷಣೆಗೆ ವಾರದಲ್ಲಿ ಮೂರರಿಂದ ಐದು ಭೇಟಿಗಳು ಬೇಕಾದರೆ ಮನೋಗತಿ ಚಿಕಿತ್ಸೆಗೆ ಒಂದು ಅಥವಾ ಎರಡು ಸಾಕಾಗುತ್ತವೆ. ಭೇಟಿಯ ಅವಧಿ ಸಾಮಾನ್ಯವಾಗಿ 45ರಿಂದ 50 ನಿಮಿಷ. ಪ್ರಮಾಣ ಕುಗ್ಗಿದರೂ ಮೂರು ಅಂಗಗಳ ಅಗತ್ಯ ಕುಗ್ಗಿಲ್ಲ.

ಈ ವಿದ್ಯೆ ವೈದ್ಯರಿಗೆ ಮಾತ್ರ ಮೀಸಲೇ ಎಂಬ ವಿವಾದ ಬಹು ಹಳೆಯದು. 1926ರಲ್ಲಿ ಫ್ರಾಯ್ಡನು ಇದನ್ನು ಕುರಿತೇ ಒಂದು ಗ್ರಂಥವನ್ನು ರಚಿಸಿ, ವೈದ್ಯೇತರರನ್ನು ಹೊರಗಿಡುವುದು ಸಲ್ಲದೆಂದು ವಾದಿಸಿದನು. ಭಾರತದಲ್ಲಿ ಆ ಪ್ರಶ್ನೆ ಆರಂಭದಲ್ಲಿಯೇ ಉದಾರವಾಗಿ ಪರಿಹಾರವಾಗಿತ್ತು. 1922ರಲ್ಲಿ ಕಲ್ಕತ್ತೆಯಲ್ಲಿ ಗಿರೀಂದ್ರಶೇಖರ ಬೋಸರು ಭಾರತೀಯ ಮನೋವಿಶ್ಲೇಷಣ ಸಂಘವನ್ನು ಸ್ಥಾಪಿಸಿದಾಗ ಅವರೊಡನೆ ಸೇರಿದವರಲ್ಲಿ ಹಲವರು ತತ್ತ್ವಶಾಸ್ತ್ರವನ್ನೋ ಮನಶ್ಶಾಸ್ತ್ರವನ್ನೋ ಬೋಧಿಸುತ್ತಿದ್ದ ಕಾಲೇಜು ಅಧ್ಯಾಪಕರು. ಬೋಸರು ಸ್ವತಃ ವೈದ್ಯರು. ದಮನದ ಕಲ್ಪನೆಯನ್ನು ಕುರಿತ ತಮ್ಮ ಗ್ರಂಥವನ್ನು ಫ್ರಾಯ್ಡನಿಗೆ ಕಳುಹಿಸಿ ಅವನೊಡನೆ ಪತ್ರವ್ಯವಹಾರ ಬೆಳೆಸಿದವರು. ಆದರೂ ಗುರುವಿನ ಮಾತಿಗೆಲ್ಲ ತಲೆದೂಗದೆ, ಪ್ರತಿಯೊಂದು ಇಚ್ಛೆಗೂ ಅದರ ವಿರುದ್ಧವಾದ ಇಚ್ಛೆಯೊಂದು ಜೊತೆಗಿರುತ್ತದೆಂಬ ತಮ್ಮದೇ ಸಿದ್ಧಾಂತವನ್ನು ಹಿಡಿದು ನಿಂತವರು.

ಮೈಸೂರು ಸೀಮೆಯಲ್ಲಿ ಮನಶ್ಶಾಸ್ತ್ರದ ಬೋಧನೆ ಬೇರೊಂದು ದಾರಿಯಲ್ಲಿ ಬೆಳೆಯಿತು. 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪ್ರತ್ಯೇಕ ಮನಶ್ಶಾಸ್ತ್ರ ವಿಭಾಗ ಆರಂಭವಾಯಿತು. ಅದನ್ನು ಕಟ್ಟಿ ಬೆಳೆಸಿದ ಎಂ. ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಬಳಿ ವ್ಯಾಸಂಗ ಮಾಡಿದವರು. ಬುದ್ಧಿಮಾಪನ, ಪ್ರಯೋಗಶಾಲೆ ಇವೇ ಆ ಪರಂಪರೆಯ ಪ್ರಧಾನ ಅಂಗಗಳು. (1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ಯನ್ನು ಬಿತ್ತರಿಸಿದವರೂ ಇವರೇ. ಮಾತಿನ ಶಕ್ತಿಯಲ್ಲಿ ಅವರಿಗೆ ನಂಬಿಕೆ ಇರಲಿಲ್ಲವೆಂದು ಹೇಳುವಂತಿಲ್ಲ.) ಚಿಕಿತ್ಸೆಗೆ ಸಂಬಂಧಿಸಿದ ಉನ್ನತ ಶಿಕ್ಷಣ ಮೊದಲಾದದ್ದು ಬೆಂಗಳೂರಿನಲ್ಲಿ. 1954ರಲ್ಲಿ ಅಲ್ಲಿಯ ಮಾನಸಿಕ ಆಸ್ಪತ್ರೆಯ ಜೊತೆಯಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪಿತವಾಯಿತು; ಮರುವರ್ಷವೇ ವೈದ್ಯರಿಗೊಂದು, ಮನಶ್ಶಾಸ್ತ್ರ ಪದವೀಧರರಿಗೊಂದು ಎಂದು ಎರಡು ಡಿಪ್ಲೊಮಾ ಶಿಕ್ಷಣಗಳು ಪ್ರಾರಂಭವಾದವು. 1974ರಲ್ಲಿ ಆಸ್ಪತ್ರೆಯೂ ಸಂಸ್ಥೆಯೂ ಒಂದಾಗಿ ಇಂದಿನ ನಿಮ್ಹಾನ್ಸ್ ರೂಪುಗೊಂಡಿತು. ಭಾರತೀಯ ಮನಶ್ಶಾಸ್ತ್ರೀಯ ಚಿಂತನೆಯ ಬೆಳವಣಿಗೆಯನ್ನು ಕುರಿತು 1962ರಲ್ಲಿ ಗ್ರಂಥ ಪ್ರಕಟಿಸಿದ ಎಸ್. ಕೆ. ರಾಮಚಂದ್ರರಾಯರು ಆ ಸಂಸ್ಥೆಯಲ್ಲಿ ಅಧ್ಯಾಪಕರಾಗಿದ್ದರೆಂಬುದನ್ನು ಕನ್ನಡಿಗರು ಮರೆಯಲಾಗದು.

ಇಷ್ಟು ಇತಿಹಾಸ ಸಾಕು. ಈಗ ಶಿಕ್ಷಣದ ಅಂಗಗಳ ವಿಚಾರಕ್ಕೆ ಬರೋಣ.

ಶಾಸ್ತ್ರಾಧ್ಯಯನದ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಗ್ರಂಥಗಳಿವೆ, ಓದಬಹುದು. ಪದವಿ ತರಗತಿಗಳಲ್ಲಿ ಅಹಂ, ದಮನ, ರಕ್ಷಣಾತಂತ್ರ ಮೊದಲಾದ ಪದಗಳನ್ನು ವಿದ್ಯಾರ್ಥಿಗಳು ಕಂಠಪಾಠ ಮಾಡಿಯೇ ಇರುತ್ತಾರೆ. ಉನ್ನತ ಶಿಕ್ಷಣ ಇಲ್ಲಿಂದ ಮುಂದಕ್ಕೆ ಆರಂಭವಾಗುತ್ತದೆ. ಈಜಿನ ನಿಯಮಗಳನ್ನು ಬಲ್ಲವನಿಗೂ ತುಂಗೆಯ ಸೆಳವಿನಲ್ಲಿ ಇಳಿದವನಿಗೂ ಇರುವ ಅಂತರವೇ ಇಲ್ಲಿಯೂ ಇದೆ.

ಸೆಳವೆಂದರೆ ಯಾವುದು? ಚಿಕಿತ್ಸೆ ಮುಂದುವರಿದಂತೆ ರೋಗಿಯು ತನ್ನ ಬಾಲ್ಯದಲ್ಲಿ ತಂದೆ, ತಾಯಿ, ಅಣ್ಣ, ಅಕ್ಕ ಇವರ ವಿಷಯದಲ್ಲಿ ತಳೆದಿದ್ದ ಪ್ರೀತಿ, ಭಯ, ಮುನಿಸುಗಳನ್ನು ತನಗೆ ತಿಳಿಯದಂತೆಯೇ ಚಿಕಿತ್ಸಕನ ಮೇಲೆ ಹೊರಿಸತೊಡಗುತ್ತಾನೆ. ಇದಕ್ಕೆ ಭಾವಸಂಕ್ರಮಣವೆಂದು ಹೆಸರು. ಅದಕ್ಕೆ ಪ್ರತಿಯಾಗಿ ಚಿಕಿತ್ಸಕನಲ್ಲಿ ಏಳುವ ಅಸಹನೆ, ಮರುಕ, ಹೆಮ್ಮೆ, ನಿದ್ದೆಗಳೆಲ್ಲ ಪ್ರತಿಸಂಕ್ರಮಣ. ಬಹುಕಾಲ ಇದನ್ನು ಚಿಕಿತ್ಸಕನ ದೋಷವೆಂದು ಎಣಿಸಲಾಗಿತ್ತು. 1950ರಲ್ಲಿ ಪಾಲಾ ಹೈಮನ್ ಎಂಬಾಕೆ, ಇದು ದೋಷ ಮಾತ್ರವಲ್ಲ, ರೋಗಿಯ ಸುಪ್ತಚಿತ್ತವನ್ನು ಅರಿಯುವ ಸಾಧನವೂ ಆಗಬಲ್ಲದು ಎಂದು ವಾದಿಸಿದಮೇಲೆ ಶಿಕ್ಷಣದ ದೃಷ್ಟಿಯೇ ಬದಲಾಯಿತು. ಆದರೆ ಸಾಧನವಾಗಬೇಕಾದರೆ, ತನ್ನಲ್ಲಿ ಎದ್ದ ಭಾವದಲ್ಲಿ ತನ್ನ ಹಳೆಯ ಕಥೆ ಎಷ್ಟು, ಎದುರಿಗಿರುವವನಿಂದ ಬಂದದ್ದು ಎಷ್ಟು ಎಂದು ಬೇರ್ಪಡಿಸಬಲ್ಲವನಾಗಿರಬೇಕು. ಶಿಕ್ಷಣಾರ್ಥಿಯೂ ಸ್ವತಃ ಚಿಕಿತ್ಸೆಗೆ ಕುಳಿತುಕೊಳ್ಳಬೇಕೆಂಬ ನಿಯಮದ ಅರ್ಥ ಇದು. ಇದನ್ನು ದೀಕ್ಷೆಯ ಕರ್ಮಕಾಂಡವೆಂದು ಹಾಸ್ಯಮಾಡುವವರಿದ್ದಾರೆ. ತಕ್ಕಡಿಯನ್ನು ತೂಕಕ್ಕೆ ಹಚ್ಚುವ ಮೊದಲು ಬರಿದಾದ ತಟ್ಟೆಗಳು ಸಮವಾಗಿವೆಯೇ ಎಂದು ನೋಡುವುದನ್ನು ಯಾರೂ ಹಾಸ್ಯಮಾಡುವುದಿಲ್ಲ.

ಮೂರನೆಯದಾದ ಮೇಲ್ವಿಚಾರಣೆಯೇ ಈ ಶಿಕ್ಷಣದ ಜೀವಾಳ. ಶಿಕ್ಷಣಾರ್ಥಿಯು ಭೇಟಿಯಲ್ಲಿ ನಡೆದದ್ದನ್ನು ನೆನಪಿನಿಂದ ಬರೆದು ತಂದು ಹಿರಿಯರೆದುರು ಒಪ್ಪಿಸುತ್ತಾನೆ. ಇಬ್ಬರೂ ಕೂಡಿ ಪರಿಶೀಲಿಸುವುದು ಘಟನೆಯನ್ನಲ್ಲ, ಮಾತಿನ ನಡೆಯನ್ನು: ಯಾವ ಮಾತಿನ ಹಿಂದೆ ಯಾವ ಮಾತು ಬಂತು, ಎಲ್ಲಿ ಮೌನ ಬಿದ್ದಿತು, ಎಲ್ಲಿ ಶಿಕ್ಷಣಾರ್ಥಿ ಅವಸರದಿಂದ ಬಾಯಿ ಹಾಕಿದನು. ಹೀಗಾಗಿ ಮೇಲ್ವಿಚಾರಕನ ಮುಂದೆ ಬರುವ ಸಾಮಗ್ರಿಯು ಪೂರ್ತಿಯಾಗಿ ಭಾಷೆಯಿಂದಾದದ್ದು.

ಈ ಮಾತಿನ ಪ್ರಾಮುಖ್ಯವನ್ನು ತಿಳಿಯಲು ಮಲೆನಾಡಿನ ಕಡೆಗೆ ಹೊರಳುವುದು ಉಪಯುಕ್ತ. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆ ಎಂಬ ಗ್ರಾಮ ಕನ್ನಡ ವಾಚಕರಿಗೆ ಯು. ಆರ್. ಅನಂತಮೂರ್ತಿಯವರ ಜನ್ಮಸ್ಥಳವೆಂದು ಪರಿಚಿತವಾದದ್ದು. ಅಡಿಕೆ ತೋಟ, ಗದ್ದೆ, ಕಾಡು, ಒಂದರಿಂದೊಂದು ದೂರವಾಗಿ ಚದರಿದ ಮನೆಗಳು ಇರುವ ಪ್ರದೇಶವಿದು. ಮನೋವೈದ್ಯಕೀಯ ಸಾಹಿತ್ಯದಲ್ಲಿ ಈ ತಾಲ್ಲೂಕಿಗೆ ಬೇರೊಂದು ಕಾರಣದಿಂದಲೂ ಸ್ಥಾನವುಂಟು. ಈ ಶತಮಾನದ ಮೊದಲ ದಶಕದಲ್ಲಿ ಜಗದೀಶ ತೀರ್ಥಹಳ್ಳಿ ಮತ್ತು ನಿಮ್ಹಾನ್ಸಿನ ಅವರ ಸಹೋದ್ಯೋಗಿಗಳು ತಾಲ್ಲೂಕಿನಲ್ಲಿ ಸ್ಕಿಜೋಫ್ರೇನಿಯಾ ಪೀಡಿತರನ್ನು ಅವರ ಊರುಗಳಲ್ಲಿಯೇ ಗುರುತಿಸಿ, ಚಿಕಿತ್ಸೆಗೆ ಏರ್ಪಾಡು ಮಾಡಿ, ವರ್ಷಗಟ್ಟಲೆ ಅವರ ಸ್ಥಿತಿಯನ್ನು ಅನುಸರಿಸಿ ನೋಡಿದರು. ಔಷಧ ಸೇವಿಸಿದವರ ಅಸಾಮರ್ಥ್ಯ ಸೇವಿಸದವರದ್ದಕ್ಕಿಂತ ಸ್ಪಷ್ಟವಾಗಿ ತಗ್ಗಿತೆಂದು 2009ರಲ್ಲಿ ಪ್ರಕಟವಾದ ಅವರ ಪ್ರಬಂಧ ತೋರಿಸಿಕೊಟ್ಟಿತು. ಇಂತಹ ತೀವ್ರ ವ್ಯಾಧಿಗಳಲ್ಲಿ ಔಷಧವೇ ಮೊದಲು. ಮನೋಗತಿ ಚಿಕಿತ್ಸೆಯ ಅಭಿಮಾನಿಗಳು ಇದನ್ನು ಮರೆತು ಮಾತನಾಡಬಾರದು. ಆದರೆ ತಾಲ್ಲೂಕು ಆಸ್ಪತ್ರೆಗೆ ಬರುವವರೆಲ್ಲ ತೀವ್ರ ವ್ಯಾಧಿಯವರಲ್ಲ. ಎದೆ ಭಾರ, ಉಸಿರು ಕಟ್ಟುವುದು, ನಿದ್ದೆ ಬಾರದಿರುವುದು, ಕಾರಣವಿಲ್ಲದ ನಿಶ್ಶಕ್ತಿ ಎಂದು ಹೇಳಿಕೊಂಡು, ಪರೀಕ್ಷೆಗಳಲ್ಲಿ ಏನೂ ಕಾಣದೆ, ಗುಳಿಗೆಯ ಚೀಟಿ ಹಿಡಿದು ಮರಳುವವರ ಸಂಖ್ಯೆ ಸಣ್ಣದಲ್ಲ. ಮನೋಗತಿ ಚಿಕಿತ್ಸೆ ಉಪಯುಕ್ತವಾಗಬಹುದಾದದ್ದು ಇವರಲ್ಲಿ ಹಲವರಿಗೆ.

ಇಂತಹ ರೋಗಿಯು ಈ ಚಿಕಿತ್ಸೆಗೆ ಒಗ್ಗುತ್ತಾನೆಯೇ ಎಂಬ ಸಂದೇಹವನ್ನು ಬೆಂಗಳೂರಿನ ಸಂಸ್ಥೆಯ ನಿರ್ದೇಶಕರಾಗಿದ್ದ ಎನ್. ಸಿ. ಸೂರ್ಯರು ಎಸ್. ಎಸ್. ಜಯರಾಮರೊಡನೆ 1964ರಷ್ಟು ಹಿಂದೆಯೇ ಎತ್ತಿದ್ದರು. ನಮ್ಮ ರೋಗಿಯು ಪರಿಸ್ಥಿತಿಗೆ ಒದಗುವ ನೇರವಾದ ಆಸರೆಯನ್ನು ಸುಲಭವಾಗಿ ಸ್ವೀಕರಿಸುತ್ತಾನೆ. ಮನಸ್ಸಿನೊಳಗಣ ಕಾರಣಗಳನ್ನು ಹುಡುಕಲು ಅಷ್ಟು ಉತ್ಸುಕನಲ್ಲ. ಚಿಕಿತ್ಸಕನನ್ನು ದೂರದ ತಜ್ಞನನ್ನಾಗಿ ಉಳಿಯಗೊಡದೆ ಅವಿಭಕ್ತ ಕುಟುಂಬದ ಆದರ್ಶ ಹಿರಿಯನ ಪಾತ್ರಕ್ಕೆ ಎಳೆದುಕೊಳ್ಳುತ್ತಾನೆ ಎಂಬುದು ಅವರ ನಿರೂಪಣೆಯ ಸಾರ. 1973ರಲ್ಲಿ ಪಂಜಾಬಿನ ಕವಿಯೂ ಮನೋವೈದ್ಯರೂ ಆದ ಜಸ್ವಂತ್ ಸಿಂಗ್ ನೇಕಿಯವರು ಒಂದು ಹೆಜ್ಜೆ ಮುಂದೆ ಹೋಗಿ, ಗುರುಶಿಷ್ಯ ಸಂಬಂಧವನ್ನೇ ಚಿಕಿತ್ಸೆಯ ಮಾದರಿಯನ್ನಾಗಿ ಪರಿಗಣಿಸಬಹುದೆಂದು ಸೂಚಿಸಿದರು. ಆಗುಂಬೆಯ ಘಾಟಿಯನ್ನಿಳಿದು ಕರಾವಳಿಗೆ ಹೋದರೆ ಕೋಟ ಸಿಗುತ್ತದೆ. ಆ ಗ್ರಾಮವನ್ನು ಕುರಿತು ಮಾರಿಸ್ ಕಾರ್ಸ್ಟೇರ್ಸ್ ಮತ್ತು ಆರ್. ಎಲ್. ಕಪೂರರು 1976ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವೈದ್ಯ, ಮಂತ್ರವಾದಿ, ಪಾತ್ರಿ ಇವರೆಲ್ಲ ಮನೋವೇದನೆಗೆ ಪರಿಹಾರ ಹೇಳುವವರಾಗಿ ಕಾಣಿಸಿಕೊಳ್ಳುತ್ತಾರೆ. ಪಾತ್ರಿಯ ಬಳಿಗೆ ಹೋಗುವವನು ಉತ್ತರವನ್ನು ಕೇಳಲು ಹೋಗುತ್ತಾನೆ. ಅಂತಹವನ ಎದುರಿಗೆ ಉತ್ತರ ಕೊಡದೆ ಕುಳಿತುಕೊಳ್ಳುವ ವಿದ್ಯೆಯನ್ನು ಶಿಕ್ಷಣಾರ್ಥಿ ಕಲಿಯಬೇಕಾಗಿದೆ.

ಸೂರ್ಯ-ಜಯರಾಮರ ಅವಲೋಕನ ಸರಿಯಾದದ್ದು. ಆದರೆ ಅದರಿಂದ ಈ ಚಿಕಿತ್ಸೆ ನಮ್ಮವರಿಗೆ ಹೊಂದದೆಂಬ ನಿರ್ಣಯಕ್ಕೆ ಹಾರುವುದು ತರವಲ್ಲ. ಚಿಕಿತ್ಸಕನನ್ನು ಹಿರಿಯನನ್ನಾಗಿ ಮಾಡಿಕೊಳ್ಳುವುದೇ ಭಾವಸಂಕ್ರಮಣ. ಇತರ ದೇಶಗಳಲ್ಲಿ ತಿಂಗಳುಗಟ್ಟಲೆ ಕಾದರೂ ಅಸ್ಪಷ್ಟವಾಗಿಯೇ ಉಳಿಯುವುದು ಇಲ್ಲಿ ಸಂಬೋಧನೆಯ ರೂಪದಲ್ಲಿ ನಾಲಗೆಯ ಮೇಲೆಯೇ ಬಂದು ಕೂಡುತ್ತದೆ. ಅದನ್ನು ಕೇಳಿಸಿಕೊಳ್ಳುವ ಕಿವಿ ಬೇಕು, ಅಷ್ಟೆ.

ವಿವರಣೆಗಾಗಿ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಇದು ಯಾವ ನಿಜ ವ್ಯಕ್ತಿಯ ವೃತ್ತಾಂತವೂ ಅಲ್ಲ. ಮೇಳಿಗೆಯ ಕಡೆಯ ಒಂದು ತೋಟದ ಮನೆಯ ಎರಡನೆಯ ಮಗ, ವಯಸ್ಸು ಮೂವತ್ತರ ಆಚೆ. ತಂದೆ ತೀರಿಹೋಗಿ ವರ್ಷವಾಗಿದೆ; ಅಣ್ಣತಮ್ಮಂದಿರ ನಡುವೆ ಆಸ್ತಿ ಪಾಲಾಗಿದೆ. ಪಾಲಾದ ತಿಂಗಳಿಂದ ಇವನಿಗೆ ಎದೆಯಲ್ಲಿ ಕಲ್ಲು ಹೇರಿದಂತೆ ಭಾರ. ಹೃದಯದಲ್ಲಿ ದೋಷವಿಲ್ಲವೆಂದು ವೈದ್ಯರು ಹೇಳಿ, ಶಿವಮೊಗ್ಗದಲ್ಲಿ ಶಿಕ್ಷಣ ಪಡೆಯುತ್ತಿರುವ ತರುಣ ಚಿಕಿತ್ಸಕನೊಬ್ಬನ ಬಳಿಗೆ ಕಳುಹಿಸುತ್ತಾರೆ. ವಾರಕ್ಕೊಮ್ಮೆ ಬಸ್ಸಿನಲ್ಲಿ ಬರುತ್ತಾನೆ. ಮೊದಲ ಐದು ವಾರ ‘ಸಾರ್’ ಎನ್ನುತ್ತಾನೆ. ಆರನೆಯ ವಾರ ಹಲಸಿನ ಹಪ್ಪಳದ ಕಟ್ಟೊಂದನ್ನು ಮೇಜಿನ ಮೇಲಿಟ್ಟು, “ನೀವೇ ಒಂದು ದಾರಿ ಹೇಳ್ಬೇಕು ಅಣ್ಣಯ್ಯ” ಎನ್ನುತ್ತಾನೆ. ತಂದೆಯ ಮಾತು ಬಂದಾಗ, “ನನ್ ಪಾಲಿಗೆ ಅಪ್ಪಯ್ಯ ಯಾವತ್ತೋ ಸತ್ತೋಗಿದ್ರು” ಎಂದು ಹೇಳಿ ಸುಮ್ಮನಾಗುತ್ತಾನೆ. ಮತ್ತೆ ಕೇಳಿದರೆ, “ನಂಗೆ ಎಂತದೂ ಬ್ಯಾಡ” ಎಂದು ಮುಖ ತಿರುಗಿಸುತ್ತಾನೆ. ಶಿಕ್ಷಣಾರ್ಥಿಗೆ ಸಹನೆ ತಪ್ಪುತ್ತದೆ. ಅಣ್ಣನೊಡನೆ ಕುಳಿತು ಮಾತಾಡಿ ವ್ಯಾಜ್ಯ ಬಗೆಹರಿಸಿಕೊಳ್ಳುವಂತೆ ಬುದ್ಧಿ ಹೇಳಿ, ಹತ್ತು ನಿಮಿಷ ಮೊದಲೇ ಕಳುಹಿಸಿಬಿಡುತ್ತಾನೆ.

ಶಿಕ್ಷಣಾರ್ಥಿಯ ಬರಹ ಇಂಗ್ಲಿಷಿನಲ್ಲಿರುತ್ತದೆ. ಅವನು ಓದಿದ್ದೆಲ್ಲ ಆ ಭಾಷೆಯಲ್ಲಿ, ಮೇಲ್ವಿಚಾರಕರು ಬಹುಶಃ ಬೇರೆ ಪ್ರಾಂತದವರು. ಅವನ ವರದಿಯಲ್ಲಿ ಇರುವುದಿಷ್ಟು: ರೋಗಿ ಕಾಣಿಕೆ ತಂದನು, ಸಲಹೆಗಾಗಿ ಒತ್ತಾಯಿಸಿದನು, ತನ್ನ ಮಟ್ಟಿಗೆ ತಂದೆ ಬಹುಕಾಲದ ಹಿಂದೆಯೇ ಸತ್ತಿದ್ದನೆಂದನು, ತನಗೆ ಏನೂ ಬೇಡವೆಂದನು, ಪರಾವಲಂಬಿ, ಪ್ರತಿರೋಧ ಬಲವಾಗಿದೆ. ಒಂದು ವಾಕ್ಯವೂ ಸುಳ್ಳಲ್ಲ. ಆದರೂ ಚಿಕಿತ್ಸೆಗೆ ಬೇಕಾದದ್ದೆಲ್ಲ ಇದರಲ್ಲಿ ಸೋರಿಹೋಗಿದೆ.

‘ಪಾಲು’ ಎಂಬ ಶಬ್ದವನ್ನೇ ನೋಡಬಹುದು. ಕನ್ನಡದಲ್ಲಿ ‘ನನ್ನ ಪಾಲಿಗೆ’ ಎಂದರೆ ನನ್ನ ಮಟ್ಟಿಗೆ ಎಂದರ್ಥ. ‘ನನ್ನ ಪಾಲು’ ಎಂದರೆ ನನಗೆ ಬರಬೇಕಾದ ಭಾಗ. ಆಸ್ತಿ ಪಾಲಾದ ತಿಂಗಳಲ್ಲಿ ಎದೆ ಭಾರ ಆರಂಭವಾದ ವ್ಯಕ್ತಿಯು ತಂದೆಯ ಸಾವನ್ನು ಈ ಶಬ್ದದಿಂದ ಹೇಳಿದನೆಂಬುದು ಆಕಸ್ಮಿಕವಲ್ಲದಿರಬಹುದು. ತೋಟ ಗದ್ದೆಗಳು ಪಾಲಾಗುವ ಎಷ್ಟೋ ವರ್ಷ ಮೊದಲೇ ತಂದೆಯು ಪಾಲಾಗಿದ್ದನು. ಹಿರಿಯ ಮಗನಿಗೆ ಸಂದಿದ್ದನು. ಎರಡನೆಯವನ ಪಾಲಿಗೆ ಬಂದದ್ದು ಸತ್ತ ತಂದೆ. ‘ಎಂತದೂ ಬ್ಯಾಡ’ ಎಂಬುದು ನಿಜವಾಗಿ ನಿರಾಕರಣೆಯೇ ಎಂಬುದನ್ನು ಧ್ವನಿ ಕೇಳದೆ ನಿರ್ಧರಿಸುವಂತಿಲ್ಲ. ಎಲೆಯ ಮುಂದೆ ಕುಳಿತು, ಅಣ್ಣನಿಗೆ ಮೊದಲು ಬಡಿಸಿದ್ದಕ್ಕೆ ಮುನಿದ ಮಗು ಆಡುವ ಮಾತೂ ಇದೇ. ಹೀಗಿರುವಾಗ ಆರನೆಯ ವಾರ ‘ಸಾರ್’ ಹೋಗಿ ‘ಅಣ್ಣಯ್ಯ’ ಬಂದದ್ದು ವಿಶ್ವಾಸ ಬೆಳೆದುದರ ಕುರುಹು ಮಾತ್ರವಲ್ಲ. ಪಾಲು ಕಸಿದುಕೊಂಡ ಅಣ್ಣನ ಸ್ಥಾನದಲ್ಲಿ ಚಿಕಿತ್ಸಕನನ್ನು ಕೂರಿಸಿ, ಅವನಿಗೆ ಹಪ್ಪಳದ ಕಟ್ಟನ್ನು ಅರ್ಪಿಸಿ, ಅವನು ತೀರ್ಪು ಹೇಳಲಿ, ಮತ್ತೊಮ್ಮೆ ತನಗೆ ಅನ್ಯಾಯವಾಗಲಿ ಎಂದು ಕಾಯುವ ಹಳೆಯ ಆಟವೊಂದು ಅಲ್ಲಿ ಆರಂಭವಾಗಿದೆ. ಶಿಕ್ಷಣಾರ್ಥಿಯು ಬುದ್ಧಿ ಹೇಳಿ ಬೇಗ ಕಳುಹಿಸಿದಾಗ ಆ ಆಟದಲ್ಲಿ ಅಣ್ಣನ ಪಾತ್ರವನ್ನು ಚೆನ್ನಾಗಿಯೇ ಅಭಿನಯಿಸಿದಂತಾಯಿತು: ರೋಗಿಗೆ ಸಲ್ಲಬೇಕಾಗಿದ್ದ ಹತ್ತು ನಿಮಿಷದ ಪಾಲನ್ನು ಅವನೂ ಕಸಿದುಕೊಂಡನು.

ಈ ಅರ್ಥವೇ ನಿಶ್ಚಯವೆಂದು ಹೇಳುತ್ತಿಲ್ಲ. ಮುಂದಿನ ಭೇಟಿಗಳಲ್ಲಿ ರೋಗಿಯ ಮಾತೇ ಇದನ್ನು ಸಮರ್ಥಿಸಬೇಕು, ಇಲ್ಲವೆ ತಳ್ಳಿಹಾಕಬೇಕು. ಆದರೆ ಇಂತಹ ಊಹೆಯೊಂದು ಹುಟ್ಟುವುದಕ್ಕೂ ಮೂಲದ ಮಾತು ಮೇಲ್ವಿಚಾರಕನ ಕಿವಿಗೆ ಬೀಳಬೇಕಷ್ಟೆ.

ಮೇಲ್ವಿಚಾರಣೆಯ ಕೊಠಡಿಯಲ್ಲಿ ಇನ್ನೊಂದು ಸಂಗತಿಯೂ ನಡೆಯಬಹುದು. ವರದಿ ಓದಿ ಮುಗಿಸಿದ ಶಿಕ್ಷಣಾರ್ಥಿ, “ಮುಂದೇನು ಮಾಡಲಿ, ನೀವೇ ಹೇಳಬೇಕು ಸರ್” ಎಂದು ಕೈಕಟ್ಟಿ ಕೂರುತ್ತಾನೆ. ರೋಗಿಯು ಅವನೆದುರಿಗೆ ಆಡಿದ್ದನ್ನೇ ಅವನು ತನ್ನ ಹಿರಿಯನೆದುರಿಗೆ ಆಡುತ್ತಿದ್ದಾನೆ. 1955ರಲ್ಲಿ ಹೆರಾಲ್ಡ್ ಸರ್ಲ್ಸ್ ಈ ಪ್ರತಿಬಿಂಬಕ್ರಿಯೆಯನ್ನು ಗುರುತಿಸಿದನು. 1958ರಲ್ಲಿ ಎಕ್‌ಸ್ಟೈನ್ ಮತ್ತು ವಾಲರ್‌ಸ್ಟೈನ್ ಮನಶ್ಚಿಕಿತ್ಸೆಯ ಬೋಧನೆಯನ್ನು ಕುರಿತ ತಮ್ಮ ಗ್ರಂಥದಲ್ಲಿ ಅದನ್ನು ವಿಸ್ತರಿಸಿದರು. ನಮ್ಮ ವಿದ್ಯಾಸಂಸ್ಥೆಗಳಲ್ಲಿ ಗುರುವಿನ ಮುಂದೆ ಕೈಕಟ್ಟುವುದು ಸಹಜ ಮರ್ಯಾದೆಯಾದ್ದರಿಂದ ಈ ಪ್ರತಿಬಿಂಬವು ಯಾರ ಕಣ್ಣಿಗೂ ಬೀಳದೆ ಹೋಗುವ ಸಂಭವವೇ ಹೆಚ್ಚು. ನೇಕಿಯವರ ಗುರುಶಿಷ್ಯ ಮಾದರಿಯಲ್ಲಿ ಇರುವ ಬಲವೂ ಅಪಾಯವೂ ಇಲ್ಲಿಯೇ. ಗುರುವು ಉತ್ತರ ಹೇಳಿಬಿಟ್ಟರೆ ಶಿಷ್ಯನು ಮರುವಾರ ಅದನ್ನೇ ರೋಗಿಗೆ ದಾಟಿಸುತ್ತಾನೆ.

ಪರಿಹಾರವೇನು? ಮೂಲದ ಕನ್ನಡವನ್ನು ಕನ್ನಡದಲ್ಲಿಯೇ, ರೋಗಿಯ ಆಡುಮಾತಿನಲ್ಲಿಯೇ ಬರೆದಿಡುವುದು ಮೊದಲ ಹೆಜ್ಜೆ. ಮೇಲ್ವಿಚಾರಕನಿಗೆ ಕನ್ನಡ ಬಾರದಿದ್ದರೂ ಶಿಕ್ಷಣಾರ್ಥಿಯು ವಾಕ್ಯವನ್ನು ಮೊದಲು ಕನ್ನಡದಲ್ಲಿ ಓದಿ ಆಮೇಲೆ ಅರ್ಥ ಹೇಳಲಿ. ಅನುವಾದಕ್ಕೆ ತಡವರಿಸುವ ಸ್ಥಳಗಳೇ ಸಾಮಾನ್ಯವಾಗಿ ನಿಂತು ನೋಡಬೇಕಾದ ಸ್ಥಳಗಳಾಗಿರುತ್ತವೆ. ಕನ್ನಡದಲ್ಲಿ ಈ ಶಾಸ್ತ್ರವನ್ನು ಚರ್ಚಿಸಲು ಪದಗಳೇ ಇಲ್ಲವೆಂಬ ಆಕ್ಷೇಪಣೆ ನಿಲ್ಲುವಂತಹುದಲ್ಲ. ‘ಕೊರವಂಜಿ’ಯ ರಾಶಿ ಎಂದು ಮನೆಮಾತಾಗಿದ್ದ ಡಾಕ್ಟರ್ ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಮನೋವೈದ್ಯಕೀಯ ವಿಷಯದ ಗ್ರಂಥವೊಂದು ಸಾಹಿತ್ಯದ ಪ್ರಶಸ್ತಿ ಪಡೆದ ಭಾಷೆ ನಮ್ಮದು. ಕೊರತೆ ಇರುವುದು ಪದಗಳಲ್ಲಲ್ಲ, ತರಗತಿಯಲ್ಲಿ ಅವನ್ನು ಬಳಸುವ ಸಂಕಲ್ಪದಲ್ಲಿ.

ಭಾಷೆಯ ಮಾತಾಡುವಾಗ ಸಾಹಿತ್ಯದಿಂದ ಒದಗುವ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಮೇಳಿಗೆಯ ಅನಂತಮೂರ್ತಿಯವರು 1965ರಲ್ಲಿ ಪ್ರಕಟಿಸಿದ ‘ಸಂಸ್ಕಾರ’ವನ್ನು ವಿ. ಎಸ್. ನೈಪಾಲರು 1977ರ ತಮ್ಮ ಗ್ರಂಥವೊಂದರಲ್ಲಿ ಎತ್ತಿಕೊಂಡು, ಮನೋವಿಶ್ಲೇಷಕ ಸುಧೀರ ಕಕ್ಕರರ ವಿಚಾರಗಳೊಡನೆ ಜೋಡಿಸಿ, ಭಾರತೀಯನ ಅಹಂ ಪೂರ್ಣವಾಗಿ ಬೆಳೆದಿಲ್ಲವೆಂಬ ವಾದಕ್ಕೆ ಬಳಸಿಕೊಂಡರು. ಪ್ರಾಣೇಶಾಚಾರ್ಯನ ಸಂಕಟವನ್ನು ಇಡೀ ಜನಾಂಗದ ರೋಗನಿದಾನವನ್ನಾಗಿ ಮಾಡುವುದು ಚತುರವಾದ ಬರವಣಿಗೆ ಆಗಬಹುದು. ಚಿಕಿತ್ಸೆಯ ಶಿಕ್ಷಣಕ್ಕೆ ಅದು ಒಳ್ಳೆಯ ಮೇಲ್ಪಂಕ್ತಿಯಲ್ಲ. ಮಲೆನಾಡಿನ ರೋಗಿಯ ಮಾತನ್ನು ಕೇಳುವುದೆಂದರೆ ಮಲೆನಾಡಿಗರ ಮನಸ್ಸು ಇಂತಹುದೆಂದು ತೀರ್ಮಾನಿಸುವುದಲ್ಲ. ಪಾಲಿನ ವಿಷಯದಲ್ಲಿ ಈ ಒಬ್ಬನು ಏನು ಹೇಳುತ್ತಿದ್ದಾನೆಂಬುದೇ ಪ್ರಶ್ನೆ. ಅವನ ಅಣ್ಣನು ಅದೇ ಶಬ್ದದಿಂದ ಬೇರೆಯದನ್ನೇ ಹೇಳಿಯಾನು.

ಇದರಂತೆಯೇ ಪ್ರದೇಶದ ಋತುಮಾನವನ್ನೂ ಶಿಕ್ಷಣಾರ್ಥಿ ಅರಿತಿರಬೇಕು. ಭೇಟಿಗೆ ತಪ್ಪಿಸಿಕೊಳ್ಳುವುದನ್ನು ಪ್ರತಿರೋಧವೆಂದು ಪುಸ್ತಕಗಳು ಹೇಳುತ್ತವೆ. ಅಡಿಕೆ ಕೊಯ್ಲಿನ ಕಾಲದಲ್ಲಿ ಆಳು ಸಿಕ್ಕಿದ ದಿನ ತೋಟ ಬಿಟ್ಟು ಬರಲು ಯಾರಿಂದಲೂ ಆಗದು. ಆಷಾಢದ ಮಳೆಯಲ್ಲಿ ಹಳ್ಳ ಏರಿದರೆ ಬಸ್ಸೇ ಬಾರದು. ಕೊಯ್ಲು ಮುಗಿದಮೇಲೂ ಎರಡು ವಾರ ಬರದಿದ್ದರೆ ಆಗ ಕೇಳಬೇಕು.

ಈ ಚಿಕಿತ್ಸೆಯ ಫಲದ ಬಗ್ಗೆ ಸಂಶೋಧನೆಯ ಸ್ಥಿತಿಯನ್ನು ಸಂಕ್ಷೇಪವಾಗಿ ಹೇಳಬಹುದು. 2010ರಲ್ಲಿ ಜೊನಾಥನ್ ಶೆಡ್ಲರ್, ಅಲ್ಲಿಯವರೆಗಿನ ಪರಿಶೀಲನೆಗಳನ್ನು ಒಟ್ಟುಗೂಡಿಸಿ, ಇದರ ಪರಿಣಾಮ ಇತರ ಮನಶ್ಚಿಕಿತ್ಸೆಗಳಿಗೆ ಸರಿಸಮವೆಂದೂ ಚಿಕಿತ್ಸೆ ಮುಗಿದಮೇಲೂ ಸುಧಾರಣೆ ಮುಂದುವರಿಯುವುದೆಂದೂ ವಾದಿಸಿದನು. ಅವನ ಲೆಕ್ಕಾಚಾರವನ್ನು ಪ್ರಶ್ನಿಸಿದವರೂ ಇದ್ದಾರೆ. ವಿವಾದ ಮುಗಿದಿಲ್ಲ; ಆದರೆ ಈ ಪದ್ಧತಿಗೆ ಪ್ರಮಾಣವೇ ಇಲ್ಲವೆಂಬ ಹಳೆಯ ಮಾತನ್ನು ಇಂದು ಪುನರುಚ್ಚರಿಸಲಾಗದು.

ಉಳಿದದ್ದು ಲೆಕ್ಕದ ಮಾತು. ಶಿಕ್ಷಣಾರ್ಥಿಯೊಬ್ಬನು ವರ್ಷದಲ್ಲಿ 40 ವಾರ, ವಾರಕ್ಕೊಮ್ಮೆಯಂತೆ ಇಬ್ಬರು ರೋಗಿಗಳನ್ನು ಕಂಡರೆ 80 ಭೇಟಿಗಳಾಗುತ್ತವೆ. ಅದಕ್ಕೆ ವಾರಕ್ಕೊಂದು ಗಂಟೆಯಂತೆ 40 ಗಂಟೆಗಳ ಮೇಲ್ವಿಚಾರಣೆ ಬೇಕು. ವಾರದಲ್ಲಿ ಐದು ಗಂಟೆ ಇದಕ್ಕೆಂದು ಬಿಡುವು ಮಾಡಿಕೊಂಡ ಹಿರಿಯರೊಬ್ಬರಿಂದ ಐವರು ಮಾತ್ರ ಶಿಕ್ಷಣ ಪಡೆಯಬಲ್ಲರು. ಉಪನ್ಯಾಸವನ್ನಾದರೆ ಐನೂರು ಮಂದಿಗೆ ಕೇಳಿಸಬಹುದು. ಇದನ್ನು ಹಾಗೆ ಮಾಡಲಾಗದು. ಅಂತರ್ಜಾಲದ ಮೂಲಕ ಮುಖ ನೋಡಿ ಮಾತಾಡುವ ಅನುಕೂಲ ಬಂದಮೇಲೆ ದೂರದ ತೊಡಕು ಬಹಳ ಮಟ್ಟಿಗೆ ಇಳಿದಿದೆ. ಹಿರಿಯರ ಕಾಲ ಮಾತ್ರ ಹಿಂದಿನಷ್ಟೇ ಇದೆ.

ತಾಲ್ಲೂಕಿನ ಮಟ್ಟದಲ್ಲಿ ಇದಕ್ಕಿಂತ ಸುಲಭವಾದ ಮಾರ್ಗವೊಂದುಂಟು. ಹಂಗರಿಯಿಂದ ಲಂಡನ್ನಿಗೆ ಹೋಗಿ ನೆಲಸಿದ ಮೈಕೇಲ್ ಬಾಲಿಂಟ್ 1950ರ ಸುಮಾರಿಗೆ ಸಾಮಾನ್ಯ ವೈದ್ಯರ ಸಣ್ಣ ಗುಂಪುಗಳನ್ನು ಕಟ್ಟಿದನು. ಪ್ರತಿ ವಾರ ಒಬ್ಬ ವೈದ್ಯನು ತನ್ನನ್ನು ಕಾಡಿದ ಒಬ್ಬ ರೋಗಿಯ ವಿಷಯವನ್ನು, ಟಿಪ್ಪಣಿ ನೋಡದೆ, ಹೇಳಬೇಕು; ಉಳಿದವರು ಆ ವೈದ್ಯ-ರೋಗಿ ಸಂಬಂಧವನ್ನು ಚರ್ಚಿಸಬೇಕು. 1957ರ ಅವನ ಗ್ರಂಥದಿಂದ ಈ ಕ್ರಮ ಹಲವು ದೇಶಗಳಿಗೆ ಹಬ್ಬಿತು. ತೀರ್ಥಹಳ್ಳಿ, ಹೊಸನಗರ, ಸಾಗರಗಳ ವೈದ್ಯರೂ ಆಪ್ತಸಮಾಲೋಚಕರೂ ಎಂಟು ಹತ್ತು ಮಂದಿ ತಿಂಗಳಿಗೆರಡು ಸಲ ಹೀಗೆ ಕೂಡಿದರೆ, ಕನ್ನಡದಲ್ಲಿಯೇ ಮಾತಾಡಿದರೆ, ಅದಕ್ಕೆ ಕಟ್ಟಡವೂ ಬೇಡ, ಪದವಿಯೂ ಬೇಡ. ಪೂರ್ಣ ಶಿಕ್ಷಣಕ್ಕೆ ಇದು ಬದಲಿಯಲ್ಲವಾದರೂ ಕಿವಿಯನ್ನು ಹದಗೊಳಿಸಲು ಸಾಕು.

ಆದರೆ ಸಣ್ಣ ಊರಿನ ಗುಂಪಿನಲ್ಲಿ ಗೋಪ್ಯತೆಯ ಪ್ರಶ್ನೆ ನಗರದಲ್ಲಿರುವುದಕ್ಕಿಂತ ಕಠಿನವಾದದ್ದು. 2017ರ ಮಾನಸಿಕ ಆರೋಗ್ಯ ಪಾಲನಾ ಅಧಿನಿಯಮದ 23ನೆಯ ಪ್ರಕರಣವು ರೋಗಿಯ ವಿಷಯವನ್ನು ಗೋಪ್ಯವಾಗಿಡುವ ಹಕ್ಕನ್ನು ಅವನಿಗೆ ಕೊಟ್ಟಿದೆ. ಬೆಂಗಳೂರಿನಲ್ಲಿ ಹೆಸರನ್ನು ಬಿಟ್ಟು ಹೇಳಿದರೆ ಸಾಕಾಗಬಹುದು. ಮೇಳಿಗೆಯ ಕಡೆಯ ಎರಡನೆಯ ಮಗ, ಹೋದ ವರ್ಷ ಪಾಲಾದ ಮನೆ ಎಂದರೆ ತೀರ್ಥಹಳ್ಳಿಯಲ್ಲಿ ಕುಳಿತವರಲ್ಲಿ ಇಬ್ಬರಿಗಾದರೂ ಆ ಮನೆಯ ಗುರುತು ಹತ್ತುತ್ತದೆ. ಒಬ್ಬರಿಗೆ ಅದು ನಂಟರ ಮನೆಯೇ ಆಗಿರಬಹುದು. ಆದ್ದರಿಂದ ಊರು, ಜಾತಿ, ಬೆಳೆ, ಮಕ್ಕಳ ಸಂಖ್ಯೆಗಳನ್ನು ಬದಲಿಸಿ, ಆಡಿದ ಮಾತನ್ನು ಮಾತ್ರ ಬದಲಿಸದೆ ವರದಿ ಸಿದ್ಧಪಡಿಸಬೇಕು. ರೋಗಿಯ ಒಪ್ಪಿಗೆಯನ್ನು ಮೊದಲೇ ಪಡೆದಿರಬೇಕು. ಗುಂಪಿನಲ್ಲಿ ಯಾರಿಗಾದರೂ ಗುರುತು ಸಿಕ್ಕಿತೆಂದು ತೋರಿದರೆ ಅವರು ಹಾಗೆಂದು ಹೇಳಿ ಆ ದಿನದ ಮಟ್ಟಿಗೆ ಎದ್ದುಹೋಗಬೇಕು.